ಅತ್ತೆ ವಾಪಸ್ಸು ಬರುವವರೆಗೆ

ಚಳಿ ಶುರುವಾಯಿತೆಂದು ಮೊನ್ನೆ ಮಂಚದ ಕೆಳಗಿನ ಪೆಟ್ಟಿಗೆಯಿಂದ ಕಂಬಳಿ ತೆಗೆದೆ. ಮಡಿಕೆ ಬಿಚ್ಚುತ್ತಿದ್ದಂತೆ ನುಸಿಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆ ಎಂದರೆ ಮದುವೆಯ ಸೀರೆ, ಅಜ್ಜಿಯ ಟ್ರಂಕು, ವರ್ಷಕ್ಕೊಮ್ಮೆ ಹೊರಬರುವ ಸ್ವೆಟರು. ನನಗೆ ಪಿಯಾನೋ. ಚಿಕ್ಕಬಾಣಾವರದ ಈ ಫ್ಲ್ಯಾಟಿನಲ್ಲಿ ಕಂಬಳಿಯನ್ನು ಮಡಿಲಲ್ಲಿ ಹಾಕಿಕೊಂಡು ಸುಮ್ಮನೆ ಕುಳಿತೆ, ಎದೆ ಡವಡವ ಹೊಡೆದುಕೊಳ್ಳತೊಡಗಿತು. ಹಳೆಯದು ನೆನಪಾದರೆ ಕಣ್ಣು ತುಂಬಬೇಕು, ಎದೆ ಯಾಕೆ ಹೊಡೆದುಕೊಳ್ಳಬೇಕು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಸಂಗೀತ ಎಂದರೆ ಭಯ. ಬೈಗುಳದ, ಬೆತ್ತದ ಭಯವಲ್ಲ. ನಮ್ಮ ಸುಮಿತ್ರತ್ತೆ ಪಿಯಾನೋ ಮುಂದೆ ಕುಳಿತು, ಎಲ್ಲಿಂದಲೋ ಶುರುಮಾಡಿ, ಎಲ್ಲಿಗೋ ಹೊರಟುಬಿಟ್ಟರೆ ವಾಪಸ್ಸು ಬರುತ್ತಾಳೋ ಇಲ್ಲವೋ ಎಂಬ ಭಯ. ಊಟ, ನಿದ್ದೆ, ಶಾಲೆಯ ಹಾಗೆ ಅದೂ ನನ್ನ ಬಾಲ್ಯದ ದಿನಚರಿಯಲ್ಲಿ ಸೇರಿಕೊಂಡಿತ್ತು.

ಸುಮಿತ್ರತ್ತೆ ನನ್ನ ಅಪ್ಪನ ತಂಗಿ. ನಾವೆಲ್ಲ ಇದ್ದದ್ದು ಲಗ್ಗೆರೆಯಲ್ಲಿ, ತಾತ ಕಟ್ಟಿಸಿದ ಶೀಟಿನ ಮನೆಯಲ್ಲಿ. ತಾತ ಸರ್ಕಾರಿ ಕಾರ್ಖಾನೆಯೊಂದರ ಟೂಲ್‌ ರೂಮಿನಲ್ಲಿ ಫೋರ್‌ಮನ್ ಆಗಿದ್ದವರು. ಅಪ್ಪನೂ ಅದೇ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲಿನ ಆಫೀಸರುಗಳ ಕ್ಲಬ್ಬು ಮುಚ್ಚಿದಾಗ, ಯಾವ ಕಾಲದ ವಿದೇಶಿ ಇಂಜಿನಿಯರು ಬಿಟ್ಟುಹೋದದ್ದೋ, ಒಂದು ನಿಲುವಿನ ಪಿಯಾನೋ ಯಾರಿಗೂ ಬೇಡವಾಗಿ ಮೂಲೆಯಲ್ಲಿ ಉಳಿಯಿತು. ತಾತ ಬಾಯಿಬಿಟ್ಟು ಕೇಳಿ ಅದನ್ನು ಲಾರಿಯ ಮೇಲೆ ಹೇರಿಸಿಕೊಂಡು ಬಂದರು. ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಪಕ್ಕದ ಶೆಡ್ಡಿನ ವೆಲ್ಡರನ್ನು ಕರೆದು ಕಿಟಕಿಯ ಗ್ರಿಲ್ ಕತ್ತರಿಸಿ ಒಳಗೆ ಇಳಿಸಿಕೊಂಡದ್ದಾಯಿತು. ವಾಪಸ್ಸು ಬೆಸೆಯುವಾಗ ಗ್ರಿಲ್ ಸೊಟ್ಟಗಾಗಿ, ಆಮೇಲೆ ಆ ಕಿಟಕಿಯ ಬಾಗಿಲು ಸರಿಯಾಗಿ ಮುಚ್ಚಲೇ ಇಲ್ಲ. ತಂತಿ ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಹೊದಿಸಿದ್ದ ಉಣ್ಣೆಯನ್ನು ನುಸಿ ತಿಂದುಹಾಕಿತ್ತು. ತಾತ ಪಾಲಿಶ್ ಹಿಡಿಯುವ ಚಕ್ರದ ದಪ್ಪ ಉಣ್ಣೆಬಟ್ಟೆ ತಂದು ಬ್ಲೇಡಿನಲ್ಲಿ ಕತ್ತರಿಸಿ ಒಂದೊಂದನ್ನೇ ಅಂಟಿಸಿದರು. ಮತ್ತೆ ನುಸಿ ಹತ್ತದಿರಲಿ ಎಂದು ಒಳಗೆಲ್ಲ ಗುಳಿಗೆಯ ಗಂಟು ತೂಗುಹಾಕಿದರು. ಶ್ರುತಿ ಮಾಡುವವರು ಆಗ ಲಗ್ಗೆರೆಯ ತನಕ ಯಾರು ಬರುತ್ತಿದ್ದರು? ಅದಕ್ಕೂ ತಾತ ಹಳೆಯ ಸ್ಪ್ಯಾನರನ್ನು ಅರದಲ್ಲಿ ಉಜ್ಜಿ ಒಂದು ಕೀಲಿ ಮಾಡಿಕೊಂಡರು. ಅವರು ತಿರುಗಿಸುವುದು, ಅತ್ತೆ ಕಣ್ಣು ಮುಚ್ಚಿಕೊಂಡು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಸಾಕಪ್ಪಾ" ಎನ್ನುವುದು. ಭಾನುವಾರ ಬೆಳಿಗ್ಗೆಯೆಲ್ಲ ಇದೇ ನಡೆದರೆ ಅಮ್ಮ ಒಳಗಿನಿಂದ "ತಿಂಡಿಗೂ ಶ್ರುತಿ ಸೇರಿಸ್ಬೇಕಾ?" ಎಂದು ಕೂಗುತ್ತಿದ್ದಳು.

ಅತ್ತೆ ಚಿಕ್ಕವಳಿದ್ದಾಗ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಒಬ್ಬ ಮೇಷ್ಟ್ರ ಹತ್ತಿರ ಹಾಡುಗಾರಿಕೆ ಕಲಿತಿದ್ದಳು. ಆಮೇಲೆ ಓದಿದ ಶಾಲೆಯಲ್ಲಿ ಸಿಸ್ಟರ್ ಒಬ್ಬರು ಪಿಯಾನೋ ಕಲಿಸಿದರು. ದೊಡ್ಡವಳಾದ ಮೇಲೆ ಅದೇ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಪಿಯಾನೋ ನುಡಿಸುವ ಟೀಚರಾದಳು. ಹಾಡುಗಾರಿಕೆಯಲ್ಲಿ ಕಟ್ಟಿಟ್ಟ ಕೃತಿ ಒಂದು, ಆ ಗಳಿಗೆಯಲ್ಲಿ ಮನಸ್ಸಿಗೆ ಬಂದಂತೆ ಬೆಳೆಸುವ ಮನೋಧರ್ಮ ಒಂದು; ಎರಡಕ್ಕೂ ಅದರದರ ಜಾಗ ಇರುತ್ತದೆ. ಅತ್ತೆಯ ಕೈಯಲ್ಲಿ ಆ ಗಡಿ ಅಳಿಸಿಹೋಗುತ್ತಿತ್ತು. ಮೋಹನ ರಾಗದಲ್ಲಿ ಏನೋ ಒಂದು ಸಾಲು ಹಿಡಿದು ಹೊರಟವಳು ಪಕ್ಕದ ಶೆಡ್ಡಿನಲ್ಲಿ ವಾಷರ್ ಕತ್ತರಿಸುತ್ತಿದ್ದ ಪ್ರೆಸ್ಸಿನ ಧಡ್ ಧಡ್ ಸದ್ದನ್ನೇ ತಾಳ ಮಾಡಿಕೊಂಡು, ಆಮೇಲೆ ಅದರ ಜೊತೆಗೇ ಜಗಳಕ್ಕೆ ನಿಂತು, ಕೊನೆಗೆ ತಾನು ಎಲ್ಲಿದ್ದೇನೆಂದು ತನಗೇ ಗೊತ್ತಿಲ್ಲದ ಕಡೆ ಹೋಗಿರುತ್ತಿದ್ದಳು. ಒಮ್ಮೆ ಅವಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಒಂದು ಹಾಡು ನುಡಿಸಮ್ಮ ಎಂದರು, ಪಾಪ. ಅವರ ಕಾಫಿ ಆರಿತು, ಎರಡನೆಯ ಸಲ ಬಿಸಿ ಮಾಡಿದ್ದೂ ಆರಿತು, ಅತ್ತೆ ಇನ್ನೂ ದಾರಿಯಲ್ಲೇ ಇದ್ದಳು. ಹುಡುಗನ ತಾಯಿ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ತಾತನಿಗೆ ಅವಮಾನವಾಯಿತು, ಅತ್ತೆಗೆ ಅವರು ಎದ್ದು ಹೋದದ್ದೇ ತಿಳಿಯಲಿಲ್ಲ.

ಅತ್ತೆ ಏನನ್ನೂ ಬರೆದಿಡುತ್ತಿರಲಿಲ್ಲ. ಅವಳ ಕೃತಿಗಳು ಹುಟ್ಟುತ್ತಿದ್ದ ರೀತಿಯನ್ನು ಹೇಳಿದರೆ ನೀವು ನಗಬಹುದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅವಳು ಮನಸ್ಸಿಗೆ ಬಂದದ್ದನ್ನು ನುಡಿಸುವಳು, ನಾನು ಅವಳ ಬೆಂಚಿನ ತುದಿಯಲ್ಲಿ ಕುಳಿತು ಕೇಳಬೇಕು. ಮಾರನೆಯ ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ನನ್ನ ತಲೆ ಬಾಚಿ ಜಡೆ ಹೆಣೆಯುತ್ತಾ "ಪುಟ್ಟಿ, ನಿನ್ನೆದು ಹಾಡು" ಎನ್ನುವಳು. ನಾನು ಹಾಡಿದಷ್ಟು ಅವಳ ಕೃತಿ. ನನಗೆ ಮರೆತದ್ದು ಅವಳಿಗೂ ಬೇಡ. "ನಿನ್ ತಲೇಲಿ ಉಳ್ಕೊಂಡಿದೆ ಅಂದ್ರೆ ಅದ್ರಲ್ಲಿ ಏನೋ ಇದೆ ಅಂತ. ಮಿಕ್ಕಿದ್ದು ಹೋಗ್ಲಿ ಬಿಡು" ಎಂದು ರಿಬ್ಬನ್ನು ಬಿಗಿಯುವಳು. ಅವಳಿಗೇನೋ ಅದು ಹಗುರದ ಮಾತು. ನನ್ನ ಪಾಡು ಯಾರಿಗೆ ಹೇಳಲಿ? ಸಂಜೆಯಿಂದ ಬೆಳಗಿನವರೆಗೆ ಆ ಸ್ವರಗಳನ್ನು ತುಂಬಿದ ಬಿಂದಿಗೆಯ ಹಾಗೆ ತುಳುಕದಂತೆ ಹೊತ್ತು ತಿರುಗಬೇಕಿತ್ತು. ಎದುರುಮನೆಯ ಟಿವಿ ಹಾಕಿದರೆ ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆ. ಬೀದಿಯಲ್ಲಿ ಸೊಪ್ಪಿನವಳು ಕೂಗಿದರೆ, ನೀರಿನ ಟ್ಯಾಂಕರ್ ಹಾರನ್ ಹೊಡೆದರೆ ಬಚ್ಚಲಿಗೆ ಓಡಿಹೋಗಿ ಗುನುಗಿಕೊಂಡು ಎಲ್ಲ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ. ನಮ್ಮಣ್ಣ ಗಿರೀಶನಿಗೆ ಇದು ಗೊತ್ತಿತ್ತು. ಬೇಕೆಂದೇ ನನ್ನ ಪಕ್ಕ ಬಂದು ಸಿನಿಮಾ ಹಾಡು ಶಿಳ್ಳೆ ಹಾಕುವನು. ನಾನು ಅವನನ್ನು ಕಚ್ಚಿದ ಗುರುತು ಇವತ್ತಿಗೂ ಅವನ ಮೊಣಕೈಯ ಮೇಲಿದೆ.

ತಾತನಿಗೆ ಈ ಪದ್ಧತಿ ಒಂದಿಷ್ಟೂ ಹಿಡಿಸುತ್ತಿರಲಿಲ್ಲ. "ಡ್ರಾಯಿಂಗ್ ಇಲ್ದೆ ಯಾರಾದ್ರೂ ಜಾಬ್ ಮಾಡ್ತಾರೇನಮ್ಮ? ಒಂದು ಕಾಗದದ ಮೇಲೆ ಗೀಚಿಟ್ಕೋ. ಆ ಮಗೂನ ಯಾಕೆ ಗೋಳು ಹೊಯ್ಕೋತೀಯ" ಎನ್ನುತ್ತಿದ್ದರು.

"ಬರೆದಿಟ್ರೆ ಕಣ್ಣು ಅಲ್ಲೇ ನೆಟ್ಕೊಂಡ್ಬಿಡುತ್ತೆ ಕಣಪ್ಪ. ಕಿವಿ ಕೆಲಸ ಬಿಟ್ಬಿಡುತ್ತೆ" ಎನ್ನುವಳು ಅತ್ತೆ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಅತ್ತೆಗೆ ಮೊದಲ ದೊಡ್ಡ ಕಚೇರಿ ಸಿಕ್ಕಿತು. ಸಿಟಿಯ ಒಂದು ಸಭಾಂಗಣದಲ್ಲಿ ಅವಳೊಬ್ಬಳೇ ನುಡಿಸಬೇಕು. ಕೊನೆಗೆ ನುಡಿಸಲು ಒಂದು ದೊಡ್ಡ ಕೃತಿ ಬೇಕೆಂದು ಅವಳು ಹುಡುಕುತ್ತಿದ್ದಳು. ಅಂಥ ಒಂದು ಸಂಜೆ ಕರೆಂಟು ಹೋಗಿ ಪಕ್ಕದ ಪ್ರೆಸ್ಸು ನಿಂತಿತು. ಬೀದಿಗೆ ಬೀದಿಯೇ ಕಿವಿ ತೊಳೆದಂತೆ ಸ್ವಚ್ಛವಾಯಿತು. ಅತ್ತೆ ನುಡಿಸತೊಡಗಿದಳು. ಮೋಹನದಲ್ಲಿ ನಿಧಾನಕ್ಕೆ ಶುರುವಾದದ್ದು ಎಲ್ಲೆಲ್ಲೋ ಹಾದು, ಕೊನೆಗೆ ಹಿಂದೋಳದಲ್ಲಿ, ಬೇರೆಯೇ ನಡೆಯಲ್ಲಿ, ಓಡಿಬಂದು ನಿಂತಿತು. ಅಮ್ಮ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದಳು. ಅಪ್ಪ ಚಪ್ಪಲಿ ಬಿಡುವುದನ್ನು ಮರೆತು ಬಾಗಿಲಲ್ಲೇ ನಿಂತ. ನನಗೋ ಮಧ್ಯಾಹ್ನದಿಂದ ಮೈ ಸುಡುತ್ತಿತ್ತು. ಹೇಳಿದರೆ ಚಾಪೆ ಹಾಸಿ ಮಲಗಿಸುತ್ತಾರೆ, ಮಲಗಿದರೆ ರಾಗ ಹೋಗುತ್ತದೆ ಎಂದು ಹಲ್ಲು ಕಚ್ಚಿ ಕುಳಿತಿದ್ದೆ. ಅತ್ತೆ ಮುಗಿಸಿ ನನ್ನ ಕಡೆ ತಿರುಗಿ ಕೆನ್ನೆ ಮುಟ್ಟಿದವಳು "ಅಯ್ಯೋ, ಮಗು ಕೆಂಡ ಆಗಿದೆಯಲ್ಲೇ ಅತ್ತಿಗೆ" ಎಂದು ಕಿರುಚಿದ್ದು ಮಾತ್ರ ನೆನಪಿದೆ.

ಜ್ವರ ಇಳಿದು ನಾನು ಎದ್ದು ಕೂರುವಷ್ಟರಲ್ಲಿ ತಲೆಗೂದಲು ಜಡೆಗಟ್ಟಿತ್ತು. ಅತ್ತೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತಾ, ಮೆತ್ತಗೆ, ತನಗೇನೂ ಅವಸರವಿಲ್ಲ ಎನ್ನುವಂತೆ "ಹಾಡ್ತೀಯಾ ಪುಟ್ಟಿ?" ಎಂದಳು. ಶುರು ಹಾಡಿದೆ. ಒಂದು ಸ್ವರವೂ ತಪ್ಪಲಿಲ್ಲ. ಕೊನೆಯನ್ನೂ ಹಾಡಿದೆ. ಮಧ್ಯ ಇರಲಿಲ್ಲ. ಹುಡುಕಿದೆ, ಹುಡುಕಿದೆ, ಅಲ್ಲಿ ಜ್ವರದ ಬಿಸಿ, ತಂಪು ಬಟ್ಟೆ, ಅಮ್ಮನ ಕೈ, ಇಷ್ಟೇ ಸಿಕ್ಕಿದವು. ಜೋರಾಗಿ ಅತ್ತುಬಿಟ್ಟೆ. ಮೋಹನದಿಂದ ಹಿಂದೋಳಕ್ಕೆ ಹೋಗುವ ದಾರಿಯೇ ಕಳೆದುಹೋಗಿತ್ತು. ಮನೆಯವರೆಲ್ಲ ಸುತ್ತ ಕೂತು ತಮತಮಗೆ ನೆನಪಿದ್ದದ್ದನ್ನು ಗುನುಗಿದರು. ಯಾರದೂ ಯಾರದಕ್ಕೂ ಕೂಡಲಿಲ್ಲ. ಗಿರೀಶ ಬಹಳ ಗಂಭೀರವಾಗಿ ಒಂದು ಸಿನಿಮಾ ಹಾಡು ಹಾಡಿ ತಾತನಿಂದ ತಲೆಗೆ ಮೊಟಕಿಸಿಕೊಂಡ. ಅತ್ತೆ ಮಿಕ್ಕ ಸಿಕ್ಕನ್ನು ಬಿಡಿಸಿ ಜಡೆ ಹೆಣೆದಳು. ಆಮೇಲೆ "ಮಧ್ಯೆ ಖಾಲಿ ಇರ್ಲಿ. ಅಲ್ಲಿಗೆ ಬಂದಾಗ ನೋಡ್ಕೊಳ್ತೀನಿ" ಎಂದಳು. ತಾತ ಎದ್ದು ಹೊರಗೆ ಹೋದರು.

ಕಚೇರಿಯ ದಿನ ಆ ಸಭಾಂಗಣದ ಎರಡನೆಯ ಸಾಲಿನಲ್ಲಿ ನಾವು ಕುಳಿತ ರೀತಿ ನೆನೆದರೆ ಈಗಲೂ ಬೆವರುತ್ತೇನೆ. ಅತ್ತೆ ಮೋಹನ ನುಡಿಸಿದಳು. ಆ ಜಾಗ ಬಂತು. ಅವಳ ಕೈ ಒಂದು ಗಳಿಗೆ ನಿಂತು, ಎಡಗಡೆಗೆ ಜರುಗಿತು. ಅಲ್ಲಿಂದ ಮುಂದೆ ಅವಳಿಗಾಗಲಿ ನಮಗಾಗಲಿ ಏನೂ ಗೊತ್ತಿರಲಿಲ್ಲ. ಅಮ್ಮ ನನ್ನ ಮಣಿಕಟ್ಟು ಹಿಡಿದ ಬಿಗಿಗೆ ಬಳೆಯ ಗುರುತು ಮೂಡಿತು. ಅಪ್ಪ "ನೀರು ಕುಡ್ದು ಬರ್ತೀನಿ" ಎಂದು ಎದ್ದವನು ಬಾಗಿಲ ಆಚೆಯೇ ನಿಂತುಬಿಟ್ಟ. ತಾತ ತಲೆ ಬಗ್ಗಿಸಿ ಕಣ್ಣು ಮುಚ್ಚಿದ್ದರು. ಅತ್ತೆ ಒಂದು ಕಡೆ ಹೋಗಿ, ಅಲ್ಲಿ ದಾರಿ ಇಲ್ಲವೆಂದು ತಿರುಗಿ, ಮತ್ತೊಂದು ಕಡೆ ಹೋದಳು. ಜನ ಅದನ್ನು ಚೆಂದವೆಂದು ಕೇಳುತ್ತಿದ್ದರು; ನಮ್ಮ ಪ್ರಾಣ ಬಾಯಿಗೆ ಬಂದಿತ್ತು. ಎಷ್ಟು ಹೊತ್ತಾಯಿತೋ, ಎಲ್ಲೋ ದೂರದಲ್ಲಿ ಹಿಂದೋಳದ ಒಂದು ಸ್ವರ ಇಣುಕಿತು. ಆಮೇಲೆ ಇನ್ನೊಂದು. ಅತ್ತೆಯ ಬೆನ್ನು ನೆಟ್ಟಗಾಯಿತು. ಕೊನೆಯ ಸಾಲು, ನಾನು ಉಳಿಸಿಕೊಟ್ಟ ಸಾಲು, ಓಡಿಬಂತು. ಅಮ್ಮ ನನ್ನ ಕೈ ಬಿಟ್ಟು ಕಣ್ಣೊರೆಸಿಕೊಂಡಳು.

ಅತ್ತೆಯ ಹೆಸರು ಹರಡಿದ್ದು ಅದರಿಂದಲೇ. ಕರಪತ್ರಗಳಲ್ಲಿ ಅದಕ್ಕೆ ಏನೇನೋ ಘನವಾದ ಹೆಸರು ಅಚ್ಚಾಗುತ್ತಿತ್ತು, ಮನೆಯಲ್ಲಿ ನಾವು "ಜ್ವರದ್ದು" ಎನ್ನುತ್ತಿದ್ದೆವು. ಸಭೆಗಳ ಹಿರಿಯರು "ಕೈ ಚೆನ್ನಾಗಿದೆ, ಆದ್ರೆ ಇದು ಯಾವ ಪದ್ಧತೀಮ್ಮಾ?" ಎಂದು ಕೇಳಿದರೆ, ಪಿಯಾನೋ ಬಲ್ಲವರು ಎಡಗೈ ಸೋಮಾರಿ ಎಂದರು. ಹಾಗಿದ್ದೂ ಕರೆಯುತ್ತಲೇ ಇದ್ದರು. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ವಾರ್ಷಿಕೋತ್ಸವ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟುಗಳ ಕ್ಲಬ್‌ಹೌಸು, ಆಮೇಲೆ ಮುಂಬಯಿ, ಚೆನ್ನೈ. ಎಲ್ಲಿಗೆ ಹೋದರೂ ಜನ ಅದನ್ನೇ ಕೇಳುವರು, ಅತ್ತೆ ಪ್ರತಿ ಸಲವೂ ಮಧ್ಯಭಾಗವನ್ನು ಹೊಸದಾಗಿ ಹುಡುಕುವಳು. ಒಂದು ದಿನದ ದಾರಿ ಇನ್ನೊಂದು ದಿನಕ್ಕೆ ನಡೆಯುತ್ತಿರಲಿಲ್ಲ. ನಾನು ಓದು ಮುಗಿಸಿ ಪೀಣ್ಯದ ಕಾರ್ಖಾನೆಯೊಂದರ ಆಫೀಸಿಗೆ ಸೇರಿದೆ, ಮದುವೆಯಾಯಿತು, ಮಕ್ಕಳಾದವು. ಅತ್ತೆಯ ಕಚೇರಿಗೆ ಮಾತ್ರ ತಪ್ಪಿಸಲಿಲ್ಲ. ಮೆಚ್ಚಿಕೊಳ್ಳಲು ಹೋಗುತ್ತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕಾಯಲು ಹೋಗುತ್ತಿದ್ದೆ.

ಒಂದು ಸಲ ಅವಳು ವಾಪಸ್ಸು ಬರಲಿಲ್ಲ. ವೈಟ್‌ಫೀಲ್ಡಿನ ಕಡೆಯ ಹೊಸ ಸಭಾಂಗಣ, ಟಿಕೆಟ್ಟು ತೆಗೆದುಕೊಂಡು ಬಂದ ಜನ. ಅತ್ತೆ ಮೋಹನ ಬಿಟ್ಟು ಹೊರಟಳು. ಹೋದಳು, ತಿರುಗಿದಳು, ಮತ್ತೆ ಹೋದಳು. ಜನ ಕುರ್ಚಿಯಲ್ಲಿ ಮಿಸುಕಾಡಿದರು, ಯಾರದೋ ಫೋನು ಬೆಳಗಿತು. ಕೊನೆಯ ಸಾಲನ್ನು ಇಲ್ಲಿಂದಲೇ ಹಾಡಿ ಕೂಗಿ ಕರೆಯಲೇ ಎನ್ನಿಸಿತು. ಅಷ್ಟರಲ್ಲಿ ಅವಳು ಎರಡೂ ಕೈ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಜನರ ಕಡೆ ತಿರುಗಿ "ಇವತ್ತು ಸಿಗ್ಲಿಲ್ಲ ಕಣ್ರೀ. ಕ್ಷಮಿಸಿ" ಎಂದು ಎದ್ದು ಒಳಗೆ ಹೋದಳು. ಆಮೇಲೆ ಬಹಳ ಕಾಲ ಯಾರೂ ಕರೆಯಲಿಲ್ಲ. ಅವತ್ತು ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ಟ್ಯಾಕ್ಸಿ ನಿಂತು ನಿಂತು ಸಾಗುವಾಗ ನಾನು ತಡೆಯಲಾರದೆ ಹೇಳಿದೆ. "ಅತ್ತೆ, ರೆಕಾರ್ಡಿಂಗ್ ಎಷ್ಟೊಂದಿದೆ. ಯಾವುದಾದ್ರೂ ಒಂದು ಮಧ್ಯ ಆರಿಸ್ಕೊಂಡು ಗಟ್ಟಿ ಮಾಡಿಟ್ಕೋ. ಈ ಪಾಡು ಬೇಡ."

"ಮಾಡಿ ನೋಡ್ದೆ ಕಣೇ. ಕೇಳಿದ್ರೆ ಯಾರೋ ಚೆನ್ನಾಗಿ ನುಡಿಸಿದಾರೆ ಅನ್ಸುತ್ತೆ. ನನ್ ಕೈ ಅದ್ರ ಹಿಂದೆ ಹೋಗಲ್ಲ ಅನ್ನುತ್ತೆ."

"ನಿಂಗೆ ಭಯ ಆಗಲ್ವಾ?"

"ಆಗ್ದೆ ಏನು. ಆ ಜಾಗ ಹತ್ರ ಬಂತು ಅಂದ್ರೆ ಕೈ ಮಂಜುಗಡ್ಡೆ ಆಗುತ್ತೆ. ನಿಂಗೆ?"

"ನಂಗೆ ಹೊಟ್ಟೇಲಿ ಕಿವುಚಿದ ಹಾಗಾಗುತ್ತೆ, ಶುರುವಿನಿಂದ ಕೊನೇವರ್ಗೂ."

ಅತ್ತೆ ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು. "ಹಂಗಾದ್ರೆ ನೀನೂ ಜೊತೇಲೇ ಬರ್ತಾ ಇರ್ತೀಯ ಅಂತಾಯ್ತು. ನಾನು ಒಬ್ಳೇ ಹೋಗ್ತೀನಿ ಅಂದ್ಕೊಂಡಿದ್ದೆ" ಎಂದಳು. ಟ್ಯಾಕ್ಸಿಯವನು ಕನ್ನಡಿಯಲ್ಲಿ ನಮ್ಮನ್ನು ನೋಡಿ ರೇಡಿಯೋ ಸದ್ದು ಕಡಿಮೆ ಮಾಡಿದ.

ಆ ಮನೆ ಈಗಿಲ್ಲ. ತಾತ ಹೋದರು, ಅಪ್ಪ ಹೋದ. ಶೀಟಿನ ಮನೆ ಕೆಡವಿ ಅಲ್ಲಿ ನಾಲ್ಕು ಅಂತಸ್ತು ಎದ್ದಿದೆ, ಕೆಳಗೆ ಮೊಬೈಲ್ ಅಂಗಡಿ. ಪ್ರೆಸ್ಸಿನ ಶೆಡ್ಡು ಹುಡುಗರ ಪೀಜಿ ಆಗಿದೆ. ಆ ಬೀದಿಯಲ್ಲಿ ನಡೆದರೆ ಸದ್ದಿಗೇನೂ ಕಡಿಮೆಯಿಲ್ಲ, ಆದರೆ ಅದರಲ್ಲಿ ತಾಳ ಹಿಡಿಯಲು ನನಗೆ ಬರುವುದಿಲ್ಲ. ಪಿಯಾನೋವನ್ನು ಅತ್ತೆ ತನ್ನ ಶಾಲೆಗೆ ಕೊಟ್ಟಳು. ಅಮ್ಮ, ಅತ್ತೆ ಇಬ್ಬರೂ ನನ್ನ ಜೊತೆ ಈ ಫ್ಲ್ಯಾಟಿಗೆ ಬಂದರು. ಕರೆಗಳು ಮತ್ತೆ ಶುರುವಾಗಿದ್ದವು. ಊಟದ ಮೇಜಿನ ಮೇಲೆ ಕೀಬೋರ್ಡ್ ಇಟ್ಟುಕೊಂಡು ಅಭ್ಯಾಸ ಮಾಡುವಳು, ನನ್ನ ಮಕ್ಕಳು ಅದರ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಊಟ ಮಾಡುವರು. ಹೋದ ವರ್ಷ ಕಾಯಿಲೆ ಬಿದ್ದಳು. ಆಸ್ಪತ್ರೆಯ ಕಾರಿಡಾರಿನ ಕಬ್ಬಿಣದ ಕುರ್ಚಿಯಲ್ಲಿ ಕುಳಿತಾಗ, ಇದು ನನಗೆ ಗೊತ್ತಿರುವ ಕೆಲಸವೇ, ಎಷ್ಟು ಹೊತ್ತಾದರೂ ಬಂದೇ ಬರುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ಬರಲಿಲ್ಲ. ಆದರೂ ನಾನು ಅಳಲಿಲ್ಲ. ಸ್ಮಶಾನದಲ್ಲೂ ಇಲ್ಲ, ಹದಿಮೂರನೆಯ ದಿನದ ಊಟದಲ್ಲೂ ಇಲ್ಲ. ಬಂದವರಿಗೆ ಎಲೆ ಹಾಕುತ್ತಾ, ನೀರು ಬಡಿಸುತ್ತಾ ಓಡಾಡಿದೆ. ಗಟ್ಟಿ ಹೆಂಗಸು ಎಂದು ಯಾರೋ ಅಂದರು.

ಕೆಲವು ತಿಂಗಳಾದ ಮೇಲೆ ಅತ್ತೆಯ ಶಿಷ್ಯರು ಅವಳ ಶಾಲೆಯಲ್ಲೇ ಒಂದು ಸಂಜೆ ಏರ್ಪಾಡು ಮಾಡಿದರು. ಕೊನೆಗೆ "ಜ್ವರದ್ದು" ನುಡಿಸುವವಳು ಶ್ರೇಯಾ. ಜಿಗಣಿಯ ಕಂಪನಿಯೊಂದರಲ್ಲಿ ಇಂಜಿನಿಯರು, ಅತ್ತೆಯ ಹತ್ತಿರ ವರ್ಷಗಟ್ಟಲೆ ಕಲಿತ ಹುಡುಗಿ, ಬೆರಳು ಬಹಳ ಚುರುಕು. ಶುರುವಾಗುವ ಮುಂಚೆ ನನ್ನ ಹತ್ತಿರ ಬಂದು ಕಾಲು ಮುಟ್ಟಿದಳು. "ಅಕ್ಕ, ಮಧ್ಯದ ಪಾರ್ಟ್ ಮೇಡಂ ಅವ್ರದ್ದೇ ಒಂದು ರೆಕಾರ್ಡಿಂಗ್‌ನಿಂದ ಪೂರ್ತಿ ಬರ್ಕೊಂಡಿದೀನಿ. ಒಂದು ಸ್ವರಾನೂ ಬಿಟ್ಟಿಲ್ಲ" ಎಂದಳು. ಒಳ್ಳೆಯದಾಯಿತಮ್ಮ ಎಂದೆ. ಮನಸ್ಸಿಗೆ ಸಮಾಧಾನವೂ ಆಯಿತು, ಪಾಪ, ಆ ಹುಡುಗಿ ಯಾಕೆ ಒದ್ದಾಡಬೇಕು. ಪಕ್ಕದಲ್ಲಿ ಅಮ್ಮ, ಆ ಕಡೆ ಗಿರೀಶ, ಮೂವರೂ ಮುಂದಿನ ಸಾಲಿನಲ್ಲಿ ಕುಳಿತೆವು. ಶ್ರೇಯಾ ಮೋಹನವನ್ನು ಅತ್ತೆಯಷ್ಟೇ ನಿಧಾನಕ್ಕೆ, ಅತ್ತೆಗಿಂತ ಸ್ಪಷ್ಟವಾಗಿ ನುಡಿಸಿದಳು. ಆ ಜಾಗ ಬಂತು. ನಾನು ಅಭ್ಯಾಸಬಲದಿಂದ ಉಸಿರು ಬಿಗಿಹಿಡಿದು ಕಾದೆ.

ಏನೂ ಆಗಲಿಲ್ಲ. ಆ ರೆಕಾರ್ಡಿಂಗನ್ನು ನಾನು ಎಷ್ಟೋ ಸಲ ಕೇಳಿದ್ದೆ. ಇಲ್ಲಿ ಎಡಕ್ಕೆ ಹೋಗುತ್ತದೆ, ಇಲ್ಲಿ ಒಂದು ಸಲ ತಡವರಿಸುತ್ತದೆ, ಇಗೋ ಇಲ್ಲಿ ಹಿಂದೋಳ ಇಣುಕುತ್ತದೆ; ಎಲ್ಲವೂ ಅದರದರ ಜಾಗದಲ್ಲಿ ಬಂತು, ತಡವರಿಕೆ ಕೂಡ. ನನ್ನ ಹೊಟ್ಟೆ ತಣ್ಣಗಿತ್ತು. ಹುಟ್ಟಿ ಬುದ್ಧಿ ಬಂದಾಗಿನಿಂದ ಮೊದಲ ಬಾರಿಗೆ ನಾನು ಪಿಯಾನೋ ಮುಂದೆ ಒಂದಿಷ್ಟೂ ಭಯವಿಲ್ಲದೆ ಕುಳಿತಿದ್ದೆ. ಅತ್ತೆ ಇಲ್ಲ ಎಂಬುದು ಆಗ, ಆ ಕುರ್ಚಿಯಲ್ಲಿ, ನನಗೆ ತಿಳಿಯಿತು. ಜನ ಎದ್ದು ಚಪ್ಪಾಳೆ ತಟ್ಟುತ್ತಿದ್ದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದೆ. ಶ್ರೇಯಾ ವೇದಿಕೆಯಿಂದ ಇಳಿದು ನನ್ನ ಹತ್ತಿರ ಓಡಿಬಂದು ಮಂಡಿಯೂರಿ ಕುಳಿತಳು. ಅವಳ ಮುಖದಲ್ಲಿ ಗಾಬರಿ. "ಯಾಕಕ್ಕ? ಎಲ್ಲಾದ್ರೂ ತಪ್ಪಿಬಿಟ್ನಾ?" ಎಂದಳು.

"ಇಲ್ಲಮ್ಮ," ಎಂದು ಅವಳ ಕೆನ್ನೆ ಸವರಿದೆ. "ಎಲ್ಲೂ ತಪ್ಪಲಿಲ್ಲ."